ಓದದ ಹಣೆಬರಹ

ಮಲದಲ್ಲಿ ರಕ್ತ ಕಂಡರೆ ನಮ್ಮ ಮನೆಗಳಲ್ಲಿ ಮೊದಲು ಬರುವ ಮಾತು ಉಷ್ಣ. ಮಜ್ಜಿಗೆ, ಎಳನೀರು, ನೆನೆಸಿದ ಮೆಂತ್ಯ ಎಂದು ನಾಲ್ಕು ದಿನ ಉಪಚಾರ ನಡೆಯುತ್ತದೆ. ನಿಲ್ಲದಿದ್ದರೆ ಮೂಲವ್ಯಾಧಿ ಇರಬೇಕೆಂದು ಯಾರೋ ಹೇಳುತ್ತಾರೆ. ಔಷಧಿ ಅಂಗಡಿಯ ಮುಲಾಮು, ಪರಿಚಯದವರು ಹೇಳಿದ ಬೇರಿನ ಕಷಾಯ ಮನೆಗೆ ಬರುತ್ತವೆ. ಹೀಗೆ ತಿಂಗಳುಗಳು ಕಳೆದು, ಮೈ ಇಳಿದು, ಸುಸ್ತು ಹೆಚ್ಚಿ, ಕೊನೆಗೆ ಆಸ್ಪತ್ರೆ ಸೇರಿದಾಗ ಅದು ದೊಡ್ಡ ಕರುಳಿನ ಕ್ಯಾನ್ಸರ್ ಎಂದೂ ಯಕೃತ್ತಿನವರೆಗೆ ಹರಡಿದೆಯೆಂದೂ ತಿಳಿದರೆ, ಆಗ ಉಳಿಯುವ ಮಾತು ಹಣೆಬರಹ. ಈ ಮಾತನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಸಾವಿನೆದುರು ನಿಂತ ಮನೆಗೆ ಅದು ಸಮಾಧಾನ ಕೊಡುತ್ತದೆ, ಯಾರನ್ನೂ ದೂರದೆ ಅಳಲು ಎಡೆ ಮಾಡಿಕೊಡುತ್ತದೆ. ಆದರೆ ಅದೇ ಮಾತು ಕಾಯಿಲೆಯ ಮೊದಲ ದಿನವೇ ಬಂದು ಕೂತರೆ ಬೇರೆಯದೇ ಕೆಲಸ ಮಾಡುತ್ತದೆ. ಆಯಸ್ಸು ಇದ್ದಷ್ಟು ದಿನ ಇರುತ್ತೇವೆ, ಇಲ್ಲದ ಕಾಯಿಲೆಯನ್ನು ಹುಡುಕಿಕೊಂಡು ಹೋಗುವುದೇಕೆ ಎಂದು ಕೇಳುವವರು ಸೋಮಾರಿಗಳಲ್ಲ, ಮೂಢರೂ ಅಲ್ಲ. ಆ ಪ್ರಶ್ನೆಯ ಹಿಂದೆ ಒಂದು ಧಾರ್ಮಿಕ ನಿಲುವಿದೆ. ಇನ್ನೂ ನೋವು ಕೊಡದ ರೋಗವನ್ನು ಅರಸಿ ಹೋಗುವುದು ದೇವರ ಮೇಲಿನ ನಂಬಿಕೆಯ ಕೊರತೆ, ಈ ದೇಹಕ್ಕೆ ಅತಿಯಾಗಿ ಅಂಟಿಕೊಂಡಿರುವ ಲಕ್ಷಣ ಎಂಬುದು ಆ ನಿಲುವು. ಇದು ಉತ್ತರಕ್ಕೆ ಅರ್ಹವಾದ ನಿಲುವು. ನನ್ನ ವಾದ ಇಷ್ಟು: ಹಣೆಬರಹಕ್ಕೆ ತಲೆಬಾಗಬೇಕೆಂದು ಹೇಳುವವರೂ ಮೊದಲು ಅದನ್ನು ಓದಬೇಕು, ಓದದೆ ತಲೆಬಾಗಿದರೆ ಬಾಗಿದ್ದು ವಿಧಿಗೋ ನಮ್ಮ ಅಂಜಿಕೆಗೋ ಎಂಬುದು ನಮಗೇ ತಿಳಿಯುವುದಿಲ್ಲ.

ಈ ವಾದಕ್ಕೆ ಕರುಳಿನ ಕ್ಯಾನ್ಸರನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಎಲ್ಲ ಕ್ಯಾನ್ಸರ್‌ಗಳೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಕೆಲವು ಕಣ್ಣಿಗೆ ಬೀಳುವ ಮೊದಲೇ ಹರಡಿರುತ್ತವೆ. ಅವುಗಳ ವಿಷಯದಲ್ಲಿ ಬೇಗ ಹುಡುಕಬೇಕೆಂಬ ಮಾತಿಗೆ ಅಷ್ಟು ಬಲವಿಲ್ಲ. ದೊಡ್ಡ ಕರುಳಿನದು ಹಾಗಲ್ಲ. ಸುಮಾರು ಒಂದೂವರೆ ಮೀಟರ್ ಉದ್ದದ ಆ ಕರುಳಿನ ಒಳಗೋಡೆಯ ಕೋಶಗಳು ಕೆಲವೇ ದಿನಗಳಿಗೊಮ್ಮೆ ಸತ್ತು ಹೊಸದಾಗಿ ಹುಟ್ಟುತ್ತಿರುತ್ತವೆ. ಹೊಸ ಕೋಶಕ್ಕಾಗಿ ಡಿಎನ್‌ಎಯನ್ನು ನಕಲು ಮಾಡುವಾಗ ಎಲ್ಲೋ ಒಂದು ತಪ್ಪು ಉಳಿದುಕೊಂಡರೆ, ಅಲ್ಲಿ ಪಾಲಿಪ್ ಎಂಬ ಸಣ್ಣ ಗಡ್ಡೆ ಎದ್ದು ನಿಲ್ಲಬಹುದು. ಬಹುಪಾಲು ಪಾಲಿಪ್‌ಗಳು ಏನೂ ಮಾಡುವುದಿಲ್ಲ. ಕೆಲವು ಮಾತ್ರ ಒಂದರ ಮೇಲೊಂದು ತಪ್ಪನ್ನು ಕೂಡಿಸಿಕೊಳ್ಳುತ್ತಾ, ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲದಲ್ಲಿ, ಕ್ಯಾನ್ಸರ್ ಆಗುತ್ತವೆ. ಈ ಹೆಜ್ಜೆಗಳಿಗೆ ಯಾವ ಜೀನ್‌ಗಳು ಕಾರಣ ಎಂಬುದನ್ನು ಎರಿಕ್ ಫಿಯರಾನ್ ಮತ್ತು ಬರ್ಟ್ ವೋಗಲ್‌ಸ್ಟೀನ್ 1990ರಲ್ಲಿ ಒಂದು ಕ್ರಮದಲ್ಲಿಟ್ಟು ತೋರಿಸಿದರು. ಹತ್ತು ವರ್ಷ ಎಂದರೆ ದೊಡ್ಡ ಅವಧಿ. ಅಷ್ಟು ಕಾಲ ರೋಗ ಇನ್ನೂ ರೋಗವಾಗಿರುವುದಿಲ್ಲ, ಆಗಬಹುದಾದ ಒಂದು ಸಾಧ್ಯತೆಯಾಗಿ ಕೂತಿರುತ್ತದೆ. ಕೊಲೊನೋಸ್ಕೋಪ್ ಎಂಬ ಕೊಳವೆಯನ್ನು ಒಳಗೆ ಹಾಯಿಸಿ ನೋಡುವ ವೈದ್ಯರು ಆ ಗಡ್ಡೆಯನ್ನು ಕಂಡಾಗ ಅದೇ ಕೊಳವೆಯ ಮೂಲಕ ಕತ್ತರಿಸಿ ತೆಗೆಯಬಲ್ಲರು. ಬಹಳ ಸಲ ಕಾಣುವುದೂ ಕೀಳುವುದೂ ಒಂದೇ ಗಳಿಗೆಯಲ್ಲಿ ಮುಗಿಯುತ್ತವೆ. ವಿಧಿಗೂ ಪ್ರಯತ್ನಕ್ಕೂ ನಡುವೆ ಇಷ್ಟು ಅಗಲವಾದ ಜಾಗ ಬಿಟ್ಟುಕೊಡುವ ರೋಗಗಳು ಹೆಚ್ಚಿಲ್ಲ.

ಈ ಜಾಗದ ಬಗ್ಗೆ ನಮ್ಮ ಪರಂಪರೆ ಯೋಚಿಸಿಯೇ ಇಲ್ಲ ಎಂದುಕೊಳ್ಳುವುದು ತಪ್ಪು. ಚರಕ ಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ ಅಗ್ನಿವೇಶ ತನ್ನ ಗುರು ಆತ್ರೇಯನನ್ನು ಇದನ್ನೇ ಕೇಳುತ್ತಾನೆ: ಮನುಷ್ಯನ ಆಯುಷ್ಯಕ್ಕೆ ನಿಗದಿಯಾದ ಅಳತೆ ಇದೆಯೋ ಇಲ್ಲವೋ? ಆತ್ರೇಯನ ಉತ್ತರ, ಆಯುಷ್ಯ ದೈವ ಮತ್ತು ಪುರುಷಕಾರ ಎರಡರ ಕೂಡುವಿಕೆಯನ್ನು ಆಧರಿಸಿದೆ ಎಂಬುದು. ಹಿಂದಿನ ದೇಹದಲ್ಲಿ ಮಾಡಿದ್ದು ದೈವ, ಈ ದೇಹದಲ್ಲಿ ಮಾಡುವುದು ಪುರುಷಕಾರ. ದುರ್ಬಲ ದೈವವನ್ನು ಬಲವಾದ ಪ್ರಯತ್ನ ಮೆಟ್ಟುತ್ತದೆ, ಬಲವಾದ ದೈವ ಪ್ರಯತ್ನವನ್ನು ಮೆಟ್ಟುವುದೂ ಉಂಟು. ಇದು ದೈವವನ್ನು ಅಲ್ಲಗಳೆಯುವ ಮಾತಲ್ಲ, ದೈವಕ್ಕೆ ಅದರ ಪಾಲನ್ನು ಮಾತ್ರ ಕೊಡುವ ಮಾತು. ಮುಂದೆ ಆತ್ರೇಯ ಹೂಡುವ ತರ್ಕ ಇಂದಿಗೂ ಹರಿತವಾಗಿದೆ. ಎಲ್ಲರ ಆಯುಷ್ಯವೂ ನಿಗದಿಯಾಗಿದ್ದರೆ ದೀರ್ಘಾಯುಷ್ಯಕ್ಕಾಗಿ ಯಾರೂ ಮಂತ್ರ, ಔಷಧಿ, ಹೋಮ, ಉಪವಾಸಗಳನ್ನು ಆಚರಿಸುತ್ತಿರಲಿಲ್ಲ. ಮದವೇರಿದ ಆನೆಯನ್ನೋ ರಭಸದ ಗಾಳಿಯನ್ನೋ ಕಂಡು ಯಾರೂ ಪಕ್ಕಕ್ಕೆ ಸರಿಯುತ್ತಿರಲಿಲ್ಲ. ಅಂದರೆ ವಿಧಿಯನ್ನು ಪೂರ್ತಿ ನಂಬುವವರು ಲೋಕದಲ್ಲಿ ಇಲ್ಲ. ಕಣ್ಣಿಗೆ ಕಾಣುವ ಅಪಾಯದಿಂದ ಎಲ್ಲರೂ ಸರಿದುಕೊಳ್ಳುತ್ತಾರೆ, ಕಾಣದ ಅಪಾಯದ ಎದುರು ಮಾತ್ರ ವಿಧಿಯ ಮಾತು ಬರುತ್ತದೆ. ಹಾಗಾದರೆ ಆನೆಗೂ ಗಡ್ಡೆಗೂ ಇರುವ ವ್ಯತ್ಯಾಸ ದೈವದ್ದಲ್ಲ, ಕಾಣುವುದು ಕಾಣದಿರುವುದರದ್ದು. ಕಾಣಿಸುವ ಉಪಾಯವೊಂದು ಬಂದ ದಿನ ಆ ವ್ಯತ್ಯಾಸವೂ ಬಿದ್ದುಹೋಗುತ್ತದೆ.

ಅದೇ ಗ್ರಂಥದ ಸೂತ್ರಸ್ಥಾನದ ಹನ್ನೊಂದನೆಯ ಅಧ್ಯಾಯ ಮನುಷ್ಯ ಅರಸಬೇಕಾದ ಮೂರನ್ನು ಹೆಸರಿಸುತ್ತದೆ: ಪ್ರಾಣ, ಧನ, ಪರಲೋಕ. ಈ ಮೂರರಲ್ಲಿ ಪ್ರಾಣಕ್ಕೆ ಮೊದಲ ಸ್ಥಾನ, ಏಕೆಂದರೆ ಅದು ಹೋದರೆ ಉಳಿದೆರಡನ್ನೂ ಅರಸುವವರಿಲ್ಲ. ಅಧ್ಯಾಯದ ಕೊನೆಯ ಭಾಗದಲ್ಲಿ ಬರುವ ಚಿತ್ರ ಮನಕಲಕುವಂಥದ್ದು. ಅರಿವುಗೇಡಿಯಾದವನು ಅಲಕ್ಷ್ಯದಿಂದ ಹುಟ್ಟುತ್ತಿರುವ ರೋಗವನ್ನು ಗುರುತಿಸುವುದಿಲ್ಲ. ಮೊದಲು ಅಣುವಿನಷ್ಟಿದ್ದ ಅದು ಬೆಳೆದು ಬೇರೂರಿ ಅವನ ಬಲವನ್ನೂ ಆಯುಷ್ಯವನ್ನೂ ಕಸಿಯುತ್ತದೆ. ಆಮೇಲೆ ಅವನು ಹೆಂಡತಿ ಮಕ್ಕಳನ್ನು, ನೆಂಟರನ್ನು ಕರೆದು, ಇದ್ದುದನ್ನೆಲ್ಲ ಕೊಟ್ಟಾದರೂ ಸರಿ, ವೈದ್ಯನನ್ನು ಕರೆತನ್ನಿ ಎನ್ನುತ್ತಾನೆ. ಆ ಸ್ಥಿತಿಯಲ್ಲಿ ಅವನನ್ನು ಕಾಪಾಡಬಲ್ಲವರು ಯಾರು ಎಂದು ಗ್ರಂಥ ಕೇಳುತ್ತದೆ. ಇದನ್ನು ಹೇಳುವಾಗ ಒಂದು ಎಚ್ಚರ ಬೇಕು. ಚರಕನಿಗೆ ಪಾಲಿಪ್ ಗೊತ್ತಿತ್ತು, ನಮ್ಮವರು ಎಲ್ಲವನ್ನೂ ಮೊದಲೇ ಕಂಡಿದ್ದರು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಗ್ರಂಥಕ್ಕೂ ವಿಜ್ಞಾನಕ್ಕೂ ಮಾಡುವ ಅನ್ಯಾಯ. ನಾನು ಅಲ್ಲಿಂದ ಎತ್ತಿಕೊಳ್ಳುವುದು ವೈದ್ಯಕೀಯ ಮಾಹಿತಿಯನ್ನಲ್ಲ, ನೈತಿಕ ತರ್ಕವನ್ನು. ಕರ್ಮವನ್ನೂ ಪುನರ್ಜನ್ಮವನ್ನೂ ಒಪ್ಪಿದ ಒಂದು ಗ್ರಂಥವೇ ರೋಗವನ್ನು ಬೇಗ ಅರಿಯುವುದನ್ನು ಮನುಷ್ಯನ ಮೊದಲ ಕರ್ತವ್ಯಗಳ ಸಾಲಿಗೆ ಸೇರಿಸಿದೆ. ಕರ್ಮವನ್ನು ನಂಬುವುದರಿಂದ ಪರೀಕ್ಷೆ ಮಾಡಿಸಿಕೊಳ್ಳುವುದಿಲ್ಲ ಎಂಬ ವಾದಕ್ಕೆ ಇಲ್ಲಿ ಆಸರೆ ಸಿಗುವುದಿಲ್ಲ.

ಹಣೆಬರಹ ಎಂಬುದನ್ನು ಅಕ್ಷರಶಃ ತೆಗೆದುಕೊಂಡರೂ ವಾದ ಬದಲಾಗುವುದಿಲ್ಲ. ಇದನ್ನು ತೋರಿಸುವ ಒಂದು ಚರಿತ್ರೆ ಅಮೆರಿಕದ ಮಿಶಿಗನ್‌ನದು. 1895ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ರೋಗಶಾಸ್ತ್ರಜ್ಞ ಆಲ್ಡ್ರೆಡ್ ವಾರ್ಥಿನ್ ಅವರಿಗೆ, ಅವರ ಮನೆಯ ಬಟ್ಟೆ ಹೊಲಿಯುತ್ತಿದ್ದ ಹೆಣ್ಣುಮಗಳೊಬ್ಬಳು, ತಾನು ಚಿಕ್ಕ ವಯಸ್ಸಿನಲ್ಲೇ ಸಾಯುವುದು ಖಚಿತ ಎಂದು ಹೇಳಿದಳು. ಅವಳ ಮನೆತನದಲ್ಲಿ ಅನೇಕರು ಹೊಟ್ಟೆಯ, ಕರುಳಿನ, ಗರ್ಭಕೋಶದ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಅವಳು ಹೇಳಿದಂತೆಯೇ ಆಯಿತು. ಗರ್ಭಕೋಶದ ಕ್ಯಾನ್ಸರಿನಿಂದ ಬೇಗನೆ ತೀರಿಹೋದಳು. ವಾರ್ಥಿನ್ ಆ ಮಾತನ್ನು ಮರೆಯದೆ ಮನೆತನದ ವಂಶಾವಳಿಯನ್ನು ಕೂಡಿಹಾಕಿ 1913ರಲ್ಲಿ ಪ್ರಕಟಿಸಿದರು. ದಶಕಗಳ ನಂತರ ಹೆನ್ರಿ ಲಿಂಚ್ ಇಂಥ ಕುಟುಂಬಗಳ ಅಧ್ಯಯನವನ್ನು ಮತ್ತೆ ಕೈಗೆತ್ತಿಕೊಂಡರು. ಈಗ ಆ ಸ್ಥಿತಿಗೆ ಲಿಂಚ್ ಸಿಂಡ್ರೋಮ್ ಎಂದೇ ಹೆಸರು. ಡಿಎನ್‌ಎ ನಕಲಿನ ತಪ್ಪನ್ನು ತಿದ್ದಬೇಕಾದ ಜೀನ್‌ಗಳಲ್ಲಿ ಒಂದು ಹುಟ್ಟಿನಿಂದಲೇ ಕೆಟ್ಟಿರುವುದು ಅದರ ಮೂಲ. ಅಂಥ ಜೀನ್ ಮೊದಲ ಬಾರಿಗೆ ಪತ್ತೆಯಾದದ್ದು 1993ರಲ್ಲಿ. ಇದಕ್ಕಿಂತ ಸ್ಪಷ್ಟವಾದ ಹಣೆಬರಹ ಇನ್ನೊಂದಿರಲಾರದು. ಹುಟ್ಟುವ ಮೊದಲೇ ಬರೆದದ್ದು, ತಂದೆತಾಯಿಯಿಂದ ಬಂದದ್ದು, ಅಳಿಸಲಾಗದ್ದು.

ಆದರೆ ಆ ಬರಹವನ್ನು ಓದಿದ ಮೇಲೆ ಏನಾಯಿತು ಎಂಬುದನ್ನೂ ನೋಡಬೇಕು. ಫಿನ್‌ಲೆಂಡಿನಲ್ಲಿ ಇಂಥ ಮನೆತನಗಳ ಸದಸ್ಯರನ್ನು ಹದಿನೈದು ವರ್ಷ ಗಮನಿಸಿದರು. ಮೂರು ವರ್ಷಕ್ಕೊಮ್ಮೆ ಕರುಳಿನ ಪರೀಕ್ಷೆ ಮಾಡಿಸಿಕೊಂಡವರಲ್ಲಿ, ಮಾಡಿಸಿಕೊಳ್ಳದವರಿಗಿಂತ, ಕರುಳಿನ ಕ್ಯಾನ್ಸರ್ ಶೇ. 62ರಷ್ಟು ಕಡಿಮೆಯಾಗಿತ್ತು. 2000ದಲ್ಲಿ ಪ್ರಕಟವಾದ ಈ ಅಧ್ಯಯನ ನನಗೆ ವೈದ್ಯಕೀಯ ವರದಿಗಿಂತ ಹೆಚ್ಚಿನದಾಗಿ ಕಾಣುತ್ತದೆ. ಎರಡೂ ಗುಂಪಿನವರು ಅಂಥದೇ ಮನೆತನಗಳವರು. ಒಂದು ಗುಂಪು ನಿಯಮಿತವಾಗಿ ನೋಡಿಸಿಕೊಂಡಿತು, ಇನ್ನೊಂದು ನೋಡಿಸಿಕೊಳ್ಳಲಿಲ್ಲ. ಬರಹ ಅಳಿಯಲಿಲ್ಲ, ಫಲ ಬದಲಾಯಿತು. ಆ ಹೊಲಿಗೆಯ ಹೆಣ್ಣುಮಗಳಿಗೆ ತನ್ನ ಮನೆತನದ ಬಗ್ಗೆ ಇದ್ದ ತಿಳಿವಳಿಕೆ ಸರಿಯಾಗಿಯೇ ಇತ್ತು. ಅದನ್ನಿಟ್ಟುಕೊಂಡು ಏನಾದರೂ ಮಾಡುವ ದಾರಿ ಅವಳ ಕಾಲದಲ್ಲಿ ಇರಲಿಲ್ಲ. ಅವಳು ವಿಧಿಗೆ ತಲೆಬಾಗಿದಳು ಎನ್ನಬಹುದು, ಬೇರೆ ದಾರಿಯಿಲ್ಲದ್ದರಿಂದ ಆ ಬಾಗುವಿಕೆಗೆ ಘನತೆಯೂ ಇದೆ. ದಾರಿ ಇರುವ ಕಾಲದಲ್ಲಿ ಅದೇ ಮಾತನ್ನಾಡುವವರಿಗೆ ಆ ಘನತೆ ತಾನಾಗಿ ದಕ್ಕುವುದಿಲ್ಲ.

ಇಲ್ಲಿ ಗಂಭೀರವಾದ ಒಂದು ಆಕ್ಷೇಪ ಏಳುತ್ತದೆ. ಧರ್ಮಗಳು ನಮಗೆ ಕಲಿಸಿದ್ದು ಬದುಕನ್ನು ಹೇಗಾದರೂ ಎಳೆದು ಉದ್ದ ಮಾಡುವುದನ್ನಲ್ಲ, ಸಾವನ್ನು ಅಂಜದೆ ಬರಮಾಡಿಕೊಳ್ಳುವುದನ್ನು. ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ ಸಲ್ಲೇಖನ ವ್ರತದಿಂದ ದೇಹ ಬಿಟ್ಟವರ ಶಾಸನಗಳಿವೆ. ಆಹಾರವನ್ನು ಮೆಲ್ಲಗೆ ತ್ಯಜಿಸಿ ಸಾವಿನೆದುರು ಎಚ್ಚರವಾಗಿ ಕೂತವರ ನೆಲದಲ್ಲಿ, ಕರುಳಿನೊಳಗೆ ಕೊಳವೆ ಇಳಿಸಿ ಸಾವನ್ನು ಹುಡುಕುವುದು ಎಷ್ಟು ಸಣ್ಣ ಕೆಲಸ! ಹೀಗೆ ಕೇಳುವವರ ಮಾತಿನಲ್ಲಿ ತೂಕವಿದೆ. ಆದರೆ ಸಲ್ಲೇಖನ ಯಾರಿಗೆ, ಯಾವಾಗ ಎಂಬುದಕ್ಕೆ ಜೈನ ಪರಂಪರೆಯೇ ಕಟ್ಟುನಿಟ್ಟಾದ ಎಲ್ಲೆ ಹಾಕಿದೆ. ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಹೆಸರಿಸುವ ಸಂದರ್ಭಗಳು ಉಪಸರ್ಗ ಎಂಬ ವಿಪತ್ತು, ಬರಗಾಲ, ಮುಪ್ಪು ಮತ್ತು ರೋಗ. ಅದೂ ಪ್ರತೀಕಾರವಿಲ್ಲದಾಗ, ಅಂದರೆ ಪರಿಹಾರದ ದಾರಿ ಮುಚ್ಚಿದಾಗ. ಪರಿಹಾರ ಇದೆಯೋ ಇಲ್ಲವೋ ಎಂದು ನೋಡದೆ ಈ ಷರತ್ತು ಪೂರೈಸಿದೆ ಎಂದು ಹೇಳುವುದು ಹೇಗೆ? ಸಮಂತಭದ್ರರ ಬಗ್ಗೆಯೇ ಜೈನ ಕಥೆಗಳಲ್ಲಿ ಒಂದು ಪ್ರಸಂಗ ಬರುತ್ತದೆ. ಎಷ್ಟು ಉಂಡರೂ ಹಸಿವು ತಣಿಯದ ಭಸ್ಮಕ ಎಂಬ ಹೊಟ್ಟೆಯ ರೋಗ ಅಡರಿದಾಗ ಅವರು ಗುರುಗಳ ಬಳಿ ಸಲ್ಲೇಖನಕ್ಕೆ ಅಪ್ಪಣೆ ಬೇಡಿದರು, ಗುರುಗಳು ಒಪ್ಪಲಿಲ್ಲ. ಮುನಿವೇಷವನ್ನು ಬಿಟ್ಟಾದರೂ ರೋಗ ವಾಸಿಮಾಡಿಕೊಂಡು ಬಾ, ನಿನ್ನಿಂದ ಆಗಬೇಕಾದ ಕೆಲಸವಿದೆ ಎಂದು ಕಳಿಸಿದರು. ಅವರು ಗುಣವಾಗಿ ಮರಳಿ ದೀಕ್ಷೆ ಪಡೆದರು. ಕಥೆಯ ಐತಿಹಾಸಿಕತೆ ನನಗಿಲ್ಲಿ ಮುಖ್ಯವಲ್ಲ. ಸಾವನ್ನು ಸ್ವಾಗತಿಸುವ ವ್ರತವನ್ನು ಎತ್ತರದಲ್ಲಿಟ್ಟ ಸಮುದಾಯ, ವಾಸಿಯಾಗಬಲ್ಲ ರೋಗಕ್ಕೆ ಆ ವ್ರತ ಸಲ್ಲದು ಎಂದು ತನ್ನ ಆಚಾರ್ಯನ ಬದುಕಿನ ಮೂಲಕವೇ ನೆನಪಿಟ್ಟುಕೊಂಡಿದೆ. ಒಪ್ಪಿಗೆ ಎಂಬುದು ಅರಿವಿನ ನಂತರದ ಹೆಜ್ಜೆ. ಇಸ್ಲಾಮಿನ ಹದೀಸ್‌ಗಳಲ್ಲಿಯೂ, ಮುಪ್ಪೊಂದನ್ನು ಬಿಟ್ಟು ಮದ್ದಿಲ್ಲದ ರೋಗವನ್ನು ದೇವರು ಇಳಿಸಿಲ್ಲ, ಆದ್ದರಿಂದ ಚಿಕಿತ್ಸೆ ಪಡೆಯಿರಿ ಎಂಬ ಆಶಯದ ಉಪದೇಶವಿದೆ. ದೇವರಲ್ಲಿ ಭರವಸೆಯಿಡುವುದಕ್ಕೂ ಮದ್ದು ಅರಸುವುದಕ್ಕೂ ಅಲ್ಲಿಯೂ ಜಗಳವಿಲ್ಲ.

ಹಾಗಾದರೆ ಜನರನ್ನು ತಡೆಯುತ್ತಿರುವುದು ನಿಜವಾಗಿ ವಿಧಿಯ ಮೇಲಿನ ನಂಬಿಕೆಯೇ? ಹೃದಯದ ನೋವಿಗೆ ರಾತ್ರೋರಾತ್ರಿ ಗಾಡಿ ಮಾಡಿಕೊಂಡು ಊರಿಂದ ಜಿಲ್ಲಾ ಆಸ್ಪತ್ರೆಗೆ ಓಡುವ ಮನೆಗಳು, ಮಲದಲ್ಲಿ ಕಂಡ ರಕ್ತವನ್ನು ಆರು ತಿಂಗಳು ಮುಚ್ಚಿಡುತ್ತವೆ. ದೈವ ಎರಡಕ್ಕೂ ಒಂದೇ. ಬೇರೆಯಾಗಿರುವುದು ಅಂಗ. ನನ್ನ ತಿಳಿವಳಿಕೆಯಲ್ಲಿ ಇಲ್ಲಿ ಕೆಲಸ ಮಾಡುತ್ತಿರುವುದು ಮಡಿ ಮೈಲಿಗೆಯ ಹಳೆಯ ಭಾವ. ಅದು ವಿಧಿಯ ಹೆಸರಿನಲ್ಲಿ ಮಾತಾಡುತ್ತಿದೆ ಅಷ್ಟೆ. ಗುದದ್ವಾರದ ಮಾತನ್ನು ಗಂಡ ಹೆಂಡತಿಗೆ ಹೇಳುವುದಿಲ್ಲ, ತಾಯಿ ಮಗನಿಗೆ ಹೇಳುವುದಿಲ್ಲ, ರೋಗಿ ವೈದ್ಯರಿಗೂ ಸುತ್ತಿ ಬಳಸಿ ಹೇಳುತ್ತಾನೆ. ಗುದನಾಳದ ಅನೇಕ ಗಡ್ಡೆಗಳು ವೈದ್ಯರ ಬೆರಳಿಗೆ ಸಿಗುವಷ್ಟು ಹತ್ತಿರದಲ್ಲಿರುತ್ತವೆ. ಕೈಗವಸು ಹಾಕಿಕೊಂಡು ಒಂದು ನಿಮಿಷದಲ್ಲಿ ಮುಗಿಯುವ ಆ ಪರೀಕ್ಷೆಯನ್ನು ಬೇಡ ಎನ್ನುವ ರೋಗಿಗಳಿದ್ದಾರೆ, ಮಾಡದೆ ಮುಲಾಮು ಬರೆದುಕೊಡುವ ವೈದ್ಯರೂ ಇದ್ದಾರೆ. ಈ ಹಿಂಜರಿಕೆಗೆ ಧರ್ಮಗಳ ಪಾಲೂ ಇದೆ ಎಂದು ಒಪ್ಪಿಕೊಳ್ಳಬೇಕು. ದೇಹ ಮಲಮೂತ್ರಗಳ ಚೀಲ ಎಂದು ಧ್ಯಾನಿಸುವುದನ್ನು ವೈರಾಗ್ಯದ ಸಾಧನವಾಗಿ ಅನೇಕ ಪಂಥಗಳು ಕಲಿಸಿವೆ. ಸಾಧಕನಿಗೆ ಅದು ಮೋಹ ಬಿಡಿಸುವ ಉಪಾಯವಾಗಿದ್ದಿರಬಹುದು. ಸಂಸಾರಿಗೆ ಬರುವ ಹೊತ್ತಿಗೆ ಅದು ತನ್ನದೇ ಮೈಯ ಬಗೆಗಿನ ಹೇಸಿಗೆಯಾಗಿ ಉಳಿಯಿತು.

ಆದರೆ ಆ ಪಂಥಗಳೊಳಗೇ ಬೇರೆ ದನಿಗಳಿವೆ. ದೇಹದ ಅಶುಚಿಯನ್ನು ಧ್ಯಾನಿಸಲು ಹೇಳಿದ ಬುದ್ಧನ ಬಗ್ಗೆ ವಿನಯಪಿಟಕದ ಮಹಾವಗ್ಗದಲ್ಲಿ ಒಂದು ಘಟನೆ ಬರುತ್ತದೆ. ಭಿಕ್ಷುವೊಬ್ಬ ಹೊಟ್ಟೆಯ ಬೇನೆಯಿಂದ ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದ. ಅವನಿಂದ ಸಂಘಕ್ಕೆ ಏನೂ ಪ್ರಯೋಜನವಿಲ್ಲವೆಂದು ಉಳಿದ ಭಿಕ್ಷುಗಳು ಅತ್ತ ಸುಳಿದಿರಲಿಲ್ಲ. ಬುದ್ಧ ಆನಂದನಿಂದ ನೀರು ತರಿಸಿ, ತಾನೇ ನೀರೆರೆದು, ಇಬ್ಬರೂ ಸೇರಿ ಅವನನ್ನು ತೊಳೆದು ಮಂಚದ ಮೇಲೆ ಮಲಗಿಸಿದರು. ನನ್ನ ಸೇವೆ ಮಾಡಬಯಸುವವನು ರೋಗಿಯ ಸೇವೆ ಮಾಡಲಿ ಎಂಬ ಉಪದೇಶ ಹುಟ್ಟಿದ್ದು ಆ ಕೋಣೆಯಲ್ಲಿ. 12ನೇ ಶತಮಾನದ ಶರಣರು ದೇಹವನ್ನೇ ದೇವಾಲಯವಾಗಿ ಕಂಡರು, ಅವರ ಪರಂಪರೆ ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಕಿತ್ತುಹಾಕಿತು. ದೇಹ ದೇವಾಲಯವಾದರೆ ಅದರಲ್ಲಿ ಗರ್ಭಗುಡಿ ಮಾತ್ರ ಪವಿತ್ರ, ಹಿತ್ತಿಲು ನೋಡಬಾರದ್ದು ಎಂದು ಭಾಗ ಮಾಡುವುದಕ್ಕೆ ಆಧಾರವಿಲ್ಲ. ಮಾನಕ್ಕೆ ಅಂಜುವವರ ಮಾನವನ್ನೂ ಕಾಯಬೇಕು, ಅದು ಬೇರೆ ಮಾತು. ಇಂಗ್ಲೆಂಡಿನಲ್ಲಿ 2006ರಿಂದ ನಡೆಯುತ್ತಿರುವ ತಪಾಸಣಾ ಕಾರ್ಯಕ್ರಮ ಪರೀಕ್ಷೆಯ ಕಿಟ್ಟನ್ನು ಅಂಚೆಯಲ್ಲಿ ಮನೆಗೇ ಕಳಿಸುತ್ತದೆ. ತಮ್ಮ ಮನೆಯ ಶೌಚಾಲಯದಲ್ಲೇ ಮಲದ ಸಣ್ಣ ಮಾದರಿ ತೆಗೆದು ಮುಚ್ಚಿ ಅಂಚೆಗೆ ಹಾಕಿದರೆ ಸಾಕು, ಕಣ್ಣಿಗೆ ಕಾಣದ ರಕ್ತವನ್ನು ಪ್ರಯೋಗಶಾಲೆ ಹುಡುಕುತ್ತದೆ. ಸಂಕೋಚಕ್ಕೆ ಮರ್ಯಾದೆ ಕೊಟ್ಟೂ ಪರೀಕ್ಷೆ ಮಾಡಬಹುದು.

ಇನ್ನು ಧರ್ಮದ ಕಡೆಯಿಂದಲ್ಲದೆ ವಿಜ್ಞಾನದ ಕಡೆಯಿಂದಲೇ ಬರುವ ಆಕ್ಷೇಪ. ಇದು ಎಲ್ಲಕ್ಕಿಂತ ಬಲವಾದದ್ದು, ಬೇಗ ಪತ್ತೆ ಮಾಡಿ ಎನ್ನುವ ಜಾಹೀರಾತುಗಳು ಇದನ್ನು ಮುಟ್ಟುವುದೇ ಇಲ್ಲ. ಅಮೆರಿಕದ ಅಂಕಿಅಂಶಗಳಲ್ಲಿ, ರೋಗ ಕರುಳಿನೊಳಗೇ ಇರುವಾಗ ಪತ್ತೆಯಾದವರಲ್ಲಿ ಐದು ವರ್ಷ ಬದುಕುಳಿಯುವವರು ಸುಮಾರು ಶೇ. 90, ದೂರದ ಅಂಗಗಳಿಗೆ ಹರಡಿದ ಮೇಲೆ ಸುಮಾರು ಶೇ. 15. ಇದನ್ನು ನೋಡಿ ಬೇಗ ಕಂಡುಹಿಡಿದದ್ದರಿಂದಲೇ ಅಷ್ಟು ಜನ ಉಳಿದರು ಎಂದು ತೀರ್ಮಾನಿಸುವಂತಿಲ್ಲ. ಸಾಯುವ ದಿನ ಒಂದೇ ಆಗಿದ್ದು, ರೋಗ ತಿಳಿದ ದಿನ ಮಾತ್ರ ಹಿಂದಕ್ಕೆ ಸರಿದರೂ ಬದುಕಿದ ಅವಧಿ ಲೆಕ್ಕದಲ್ಲಿ ಉದ್ದವಾಗಿ ಕಾಣುತ್ತದೆ. ಆಗ ಆಗಿದ್ದು ಬದುಕಿನ ಹೆಚ್ಚಳವಲ್ಲ, ರೋಗಿಯಾಗಿ ಬದುಕಿದ ದಿನಗಳ ಹೆಚ್ಚಳ. ಎಂದೂ ತೊಂದರೆ ಕೊಡದಿದ್ದ ಗಡ್ಡೆಯನ್ನು ಕಂಡು ಆರೋಗ್ಯವಂತರನ್ನು ರೋಗಿಯಾಗಿಸುವ ಅಪಾಯವೂ ಇದೆ. ಕೊಲೊನೋಸ್ಕೋಪಿಯಲ್ಲಿ ಅಪರೂಪಕ್ಕೆ ರಕ್ತಸ್ರಾವವಾಗುತ್ತದೆ, ಕರುಳು ತೂತಾಗುತ್ತದೆ. ಜನರನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಪರೀಕ್ಷೆ ಕೊಟ್ಟು, ವರ್ಷಗಟ್ಟಲೆ ಕಾದು ಎರಡರಲ್ಲೂ ಸತ್ತವರನ್ನು ಎಣಿಸಿದರೆ ಮಾತ್ರ ಈ ಅನುಮಾನಕ್ಕೆ ಉತ್ತರ ಸಿಗುತ್ತದೆ. ಹಾಗೆ ಎಣಿಸಿದ್ದಾರೆ. ಮಲದಲ್ಲಿ ಅಡಗಿದ ರಕ್ತವನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿದ ಅಮೆರಿಕದ ಮಿನೆಸೋಟ ಅಧ್ಯಯನ, ಕರುಳಿನ ಕ್ಯಾನ್ಸರಿನ ಸಾವು 13 ವರ್ಷಗಳಲ್ಲಿ ಶೇ. 33ರಷ್ಟು ಇಳಿದದ್ದನ್ನು 1993ರಲ್ಲಿ ವರದಿ ಮಾಡಿತು. ಎರಡು ವರ್ಷಕ್ಕೊಮ್ಮೆ ಪರೀಕ್ಷಿಸಿದ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಅಧ್ಯಯನದಲ್ಲಿ, 1996ರಲ್ಲಿ, ಇಳಿಕೆ ಶೇ. 15. ಪೋಲೆಂಡ್, ನಾರ್ವೆ, ಸ್ವೀಡನ್‌ಗಳಲ್ಲಿ ಸುಮಾರು 85 ಸಾವಿರ ಜನರ ಮೇಲೆ ನಡೆದ ಕೊಲೊನೋಸ್ಕೋಪಿ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು: ಪರೀಕ್ಷೆಗೆ ಆಹ್ವಾನ ಪಡೆದವರಲ್ಲಿ ಹತ್ತು ವರ್ಷಗಳಲ್ಲಿ ಕ್ಯಾನ್ಸರ್ ಬರುವ ಸಂಭವ ಶೇ. 18ರಷ್ಟು ಕಡಿಮೆ, ಆದರೆ ಸಾವಿನಲ್ಲಿ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಆಹ್ವಾನ ಪಡೆದವರಲ್ಲಿ ಪರೀಕ್ಷೆಗೆ ಬಂದವರು ಶೇ. 42 ಮಾತ್ರ ಎಂಬುದನ್ನೂ ಇದರ ಜೊತೆಗಿಟ್ಟು ಓದಬೇಕು.

ಈ ಅಂಕಿಗಳು ಪವಾಡವನ್ನು ಹೇಳುತ್ತಿಲ್ಲ. ಲಾಭ ನಿಜ, ಆದರೆ ಅದಕ್ಕೆ ಮಿತಿಯಿದೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 19 ಲಕ್ಷ ಜನರಿಗೆ ಈ ರೋಗ ಬರುತ್ತದೆ, ಸುಮಾರು 9 ಲಕ್ಷ ಜನ ಇದರಿಂದ ಸಾಯುತ್ತಾರೆ ಎಂಬುದು 2022ರ ಅಂದಾಜು. ಅದರಲ್ಲಿ ಭಾರತದ ಹೊಸ ರೋಗಿಗಳು ಸುಮಾರು 70 ಸಾವಿರ. ಜನಸಂಖ್ಯೆಗೆ ಹೋಲಿಸಿದರೆ ನಮ್ಮಲ್ಲಿ ರೋಗ ಪಶ್ಚಿಮ ದೇಶಗಳಿಗಿಂತ ಬಹಳ ಕಡಿಮೆ. ನಮ್ಮ ಸರ್ಕಾರಿ ತಪಾಸಣೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್‌ಗಳಿಗೆ ಸೀಮಿತವಾಗಿರುವುದಕ್ಕೆ ಹೀಗೊಂದು ಸಮರ್ಥನೆ ಇದೆ. ಹಾಗಾಗಿ ಐವತ್ತು ದಾಟಿದ ಪ್ರತಿ ಕನ್ನಡಿಗರೂ ಕೊಲೊನೋಸ್ಕೋಪಿಗೆ ಸಾಲು ನಿಲ್ಲಬೇಕು, ಇಲ್ಲದಿದ್ದರೆ ಅದು ಅಧರ್ಮ ಎಂದು ನಾನು ಹೇಳಲಾರೆ. ಲಕ್ಷಣವೇ ಇಲ್ಲದವರನ್ನು ಸಾಮೂಹಿಕವಾಗಿ ಪರೀಕ್ಷಿಸುವುದು ಬೇರೆ. ಮೈ ಈಗಾಗಲೇ ಹೇಳಿದ್ದನ್ನು ಕೇಳಿಸಿಕೊಳ್ಳುವುದು ಬೇರೆ. ಮೊದಲನೆಯದು ಲಾಭನಷ್ಟ, ಖರ್ಚು, ವಯಸ್ಸುಗಳನ್ನು ತೂಗಿ ಆಯಾ ಸಮಾಜ ನಿರ್ಧರಿಸಬೇಕಾದ ವಿಷಯ. ವೈದ್ಯರ ಸಲಹೆ ಪಡೆದು ಯೋಚಿಸಿ ಬೇಡ ಎನ್ನುವವರನ್ನು ನಾನು ದೂರುವುದಿಲ್ಲ, ಏಕೆಂದರೆ ಅವರು ಓದಿದ ಮೇಲೆ ಬೇಡ ಎಂದವರು. ಎರಡನೆಯದಕ್ಕೆ ಇಂಥ ವಿನಾಯಿತಿ ನನಗೆ ಕಾಣುವುದಿಲ್ಲ. ಮಲದಲ್ಲಿ ರಕ್ತ, ಮೂರು ವಾರ ದಾಟಿದರೂ ಸರಿಹೋಗದ ಮಲಬದ್ಧತೆ ಅಥವಾ ಭೇದಿ, ಹೋಗಿ ಬಂದರೂ ಇನ್ನೂ ಉಳಿದಿದೆ ಎನ್ನಿಸುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಇವು ಮೈ ಹೇಳುವ ಮಾತುಗಳು. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ರಕ್ತಹೀನತೆ ಕಂಡರೆ ಕಬ್ಬಿಣದ ಮಾತ್ರೆ ನುಂಗಿಸಿ ಸುಮ್ಮನಾಗದೆ ರಕ್ತ ಎಲ್ಲಿ ಸೋರುತ್ತಿದೆ ಎಂದು ಹುಡುಕಬೇಕು. ಇವುಗಳ ಹಿಂದೆ ಬಹಳ ಸಲ ಮೂಲವ್ಯಾಧಿಯೋ ಸೋಂಕೋ ಇರುತ್ತದೆ, ಕ್ಯಾನ್ಸರ್ ಅಲ್ಲ. ಆದರೆ ಅದನ್ನು ನೋಡಿ ಹೇಳಬೇಕು, ಊಹಿಸಿ ಅಲ್ಲ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ರೋಗಿಗಳ ಅಧ್ಯಯನವೊಂದರಲ್ಲಿ ಸರಾಸರಿ ವಯಸ್ಸು ಐವತ್ತಕ್ಕಿಂತ ಕೆಳಗಿತ್ತು ಎಂಬುದು, ಇದು ಮುದುಕರ ಕಾಯಿಲೆ ಎಂಬ ಊಹೆಯನ್ನೂ ನಂಬುವಂತಿಲ್ಲ ಎಂದು ತೋರಿಸುತ್ತದೆ.

ಕರ್ಮದ ಮಾತು ಇನ್ನೊಂದು ರೂಪದಲ್ಲೂ ಬರುತ್ತದೆ, ಅದು ಹೆಚ್ಚು ಕ್ರೂರವಾದ ರೂಪ: ಏನು ಪಾಪ ಮಾಡಿದ್ದರೋ ಈಗ ಅನುಭವಿಸುತ್ತಿದ್ದಾರೆ. ಹೊಗೆಸೊಪ್ಪು, ಮದ್ಯ, ಬೊಜ್ಜು, ಮೈದಣಿಯದ ಬದುಕು, ಸಂಸ್ಕರಿಸಿದ ಮಾಂಸ ಈ ರೋಗದ ಸಂಭವವನ್ನು ಹೆಚ್ಚಿಸುತ್ತವೆ ಎಂಬುದು ನಿಜ. ಅವುಗಳನ್ನು ಒಂದನ್ನೂ ಮುಟ್ಟದವರಿಗೂ ರೋಗ ಬರುತ್ತದೆ ಎಂಬುದೂ ಅಷ್ಟೇ ನಿಜ, ಏಕೆಂದರೆ ಕೋಶದ ನಕಲಿನಲ್ಲಾಗುವ ತಪ್ಪಿಗೆ ಒಳ್ಳೆಯವರು ಕೆಟ್ಟವರು ಎಂಬ ಭೇದವಿಲ್ಲ. ರೋಗವನ್ನು ಶಿಕ್ಷೆ ಎಂದು ಕಂಡ ಕೂಡಲೇ ಪರೀಕ್ಷೆ ವಿಚಾರಣೆಯಾಗಿಬಿಡುತ್ತದೆ; ಆರೋಪ ಸಾಬೀತಾಗಲೆಂದು ಯಾರೂ ತಾವಾಗಿ ಹೋಗಿ ನಿಲ್ಲುವುದಿಲ್ಲ. ಸಸ್ಯಾಹಾರ, ವ್ರತ, ಉಪವಾಸಗಳಲ್ಲಿ ಶಿಸ್ತಾಗಿ ಬದುಕಿದವರು ತಮಗೆ ಇದು ಬರಲಾರದು ಎಂದು ನಂಬಿ ತಡಮಾಡುವುದೂ ಇದರ ಇನ್ನೊಂದು ಮುಖ. ಚರಕನ ಲೆಕ್ಕದಲ್ಲಿಯೂ ಹಿಂದಿನದರ ಪಾಲನ್ನು ಮನುಷ್ಯ ಬದಲಿಸಲಾರ, ಅವನಿಗೆ ಉಳಿದಿರುವುದು ಇಂದು ಮಾಡುವ ಕೆಲಸ. ಹಾಗಿರುವಾಗ ರೋಗಿಯ ಹಾಸಿಗೆಯ ಪಕ್ಕ ನಿಂತು ಹಿಂದಿನ ಜನ್ಮವನ್ನು ಶೋಧಿಸುವುದರಿಂದ ಯಾರ ಆತ್ಮಕ್ಕೂ ಒಳಿತಾಗುವುದಿಲ್ಲ.

ನೋಡಬೇಕು ಎನ್ನುವುದು ಸುಲಭ, ನೋಡಿದ ಮೇಲೆ ಚಿಕಿತ್ಸೆಗೆ ದುಡ್ಡೆಲ್ಲಿ ಎಂದು ಬಡವರು ಕೇಳಿದರೆ ಅದು ತತ್ವದ ಪ್ರಶ್ನೆಯಲ್ಲ ಎಂದು ಬದಿಗಿಡುವಂತಿಲ್ಲ. ಕೂಲಿ ಬಿಟ್ಟು ಊರಿನಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಬರುವ ಹೆಣ್ಣುಮಗಳಿಗೆ ಬಸ್ಸಿನ ಖರ್ಚು, ಜೊತೆಗೆ ಬರುವವರ ಕೂಲಿ, ಮನೆಯಲ್ಲಿ ಬಿಟ್ಟ ಮಕ್ಕಳು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಬಡಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಭರವಸೆ ಕೊಟ್ಟಿದೆ, ಅದು ದೊಡ್ಡ ಆಸರೆ. ಆದರೂ ಮೊದಲ ಪರೀಕ್ಷೆ ತಾಲ್ಲೂಕಿನ ಮಟ್ಟದಲ್ಲಿ ಸಿಗದಿದ್ದರೆ, ವಿಧಿ ಎಂಬ ಮಾತಿಗೆ ಶರಣಾಗುವುದನ್ನು ಅವಳ ಮೌಢ್ಯ ಎನ್ನುವ ಹಕ್ಕು ನಮಗಿಲ್ಲ. ಅರಿಯುವ ಕರ್ತವ್ಯ ಒಬ್ಬರ ಮೇಲಿದ್ದರೆ, ಅರಿಯಲು ಬೇಕಾದ್ದನ್ನು ಒದಗಿಸುವ ಕರ್ತವ್ಯ ಸಮಾಜದ ಮೇಲಿದೆ. ಮಠಗಳೂ ಮಸೀದಿಗಳೂ ಚರ್ಚುಗಳೂ ಕಣ್ಣಿನ ಶಿಬಿರ, ರಕ್ತದಾನ ಶಿಬಿರಗಳನ್ನು ನಡೆಸುತ್ತವೆ. ಅದೇ ವೇದಿಕೆಯಿಂದ ಕರುಳಿನ ಬಗ್ಗೆ, ಮಲದಲ್ಲಿ ಕಾಣುವ ರಕ್ತದ ಬಗ್ಗೆ ಸ್ವಾಮೀಜಿಯೋ ಮೌಲ್ವಿಯೋ ಪಾದ್ರಿಯೋ ಸಂಕೋಚವಿಲ್ಲದೆ ಒಂದು ಮಾತು ಹೇಳಿದರೆ, ಅದು ಆಸ್ಪತ್ರೆಯ ಗೋಡೆಯ ಮೇಲಿನ ಭಿತ್ತಿಪತ್ರಕ್ಕಿಂತ ದೂರ ಹೋಗುತ್ತದೆ. ಏಕೆಂದರೆ ಮೈಲಿಗೆಯ ಭಾವವನ್ನು ಕಳೆಯುವ ಅಧಿಕಾರವನ್ನು ಜನ ಕೊಟ್ಟಿರುವುದು ಅವರಿಗೇ.

ಕೊನೆಯದಾಗಿ, ಇದು ಒಬ್ಬರ ಆಯುಷ್ಯದ ಪ್ರಶ್ನೆಯಾಗಿ ಮಾತ್ರ ಉಳಿಯುವುದಿಲ್ಲ. ತಂದೆ, ತಾಯಿ, ಅಣ್ಣ, ತಂಗಿ ಇವರಲ್ಲಿ ಒಬ್ಬರಿಗೆ ಕರುಳಿನ ಕ್ಯಾನ್ಸರ್ ಬಂದಿದ್ದರೆ ಉಳಿದವರಿಗೆ ಬರುವ ಸಂಭವ ಸುಮಾರು ಎರಡರಷ್ಟಾಗುತ್ತದೆ. ಲಿಂಚ್ ಸಿಂಡ್ರೋಮ್ ಇರುವ ಮನೆತನದಲ್ಲಿ ಆ ಜೀನ್ ಮಕ್ಕಳಿಗೆ ಇಳಿಯುವ ಸಂಭವ ಎರಡರಲ್ಲಿ ಒಂದು. ಆದರೂ ನಮ್ಮಲ್ಲಿ ಅನೇಕ ಮನೆಗಳು ರೋಗದ ಹೆಸರನ್ನು ನೆಂಟರಿಂದ ಮುಚ್ಚಿಡುತ್ತವೆ. ಮಗಳ ಸಂಬಂಧ ತಪ್ಪೀತು, ಊರವರ ಬಾಯಿಗೆ ಬಿದ್ದೇವು ಎಂಬ ಅಳುಕು. ಹೊಟ್ಟೆಯಲ್ಲಿ ಗಡ್ಡೆಯಾಗಿತ್ತು, ಹೋದರು ಎಂದಷ್ಟೇ ತಿಥಿಗೆ ಬಂದವರಿಗೆ ಗೊತ್ತಾಗುತ್ತದೆ. ತನ್ನ ದೇಹದ ಮಟ್ಟಿಗೆ ಒಬ್ಬರು ವಿಧಿಯನ್ನು ಒಪ್ಪಿಕೊಳ್ಳಬಹುದು, ಸರಿಯಾಗಿ ತಿಳಿದ ಮೇಲೆ ಚಿಕಿತ್ಸೆ ಬೇಡವೆಂದೂ ಹೇಳಬಹುದು. ಅದು ಅವರ ಅಧಿಕಾರ. ತಮ್ಮನ ಪರವಾಗಿ, ಮಗಳ ಪರವಾಗಿ ವಿಧಿಯನ್ನು ಒಪ್ಪಿಕೊಳ್ಳುವ ಅಧಿಕಾರವನ್ನು ಯಾವ ಶಾಸ್ತ್ರವೂ ಯಾರಿಗೂ ಕೊಟ್ಟಂತೆ ನನಗೆ ಕಾಣುವುದಿಲ್ಲ. ರೋಗಿಯ ಒಡಹುಟ್ಟಿದವರೂ ಮಕ್ಕಳೂ ನಲವತ್ತನೆಯ ವಯಸ್ಸಿನಿಂದ, ಅಥವಾ ರೋಗಿಗೆ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲಿನಿಂದ, ಯಾವುದು ಮೊದಲೋ ಆಗಿನಿಂದ ಕರುಳಿನ ಪರೀಕ್ಷೆ ಶುರುಮಾಡಬೇಕೆಂಬುದು ಅನೇಕ ವೈದ್ಯಕೀಯ ಸಂಘಗಳ ಸಲಹೆ. ಐವತ್ತೆರಡಕ್ಕೆ ರೋಗ ಕಂಡ ತಂದೆಯ ಮಗಳಿಗೆ ಅದು ನಲವತ್ತು. ನಲವತ್ತಾರಕ್ಕೆ ಕಂಡಿದ್ದರೆ ಮೂವತ್ತಾರು. ಈ ಲೆಕ್ಕ ಹಾಕಲು ಅವಳಿಗೆ ರೋಗದ ಹೆಸರು ಮತ್ತು ಆಗ ತಂದೆಗಿದ್ದ ವಯಸ್ಸು, ಇವೆರಡೂ ಗೊತ್ತಿರಬೇಕು, ಹೇಳಬೇಕಾದವರು ಮನೆಯವರೇ.